ಸಾಲದ ಹೂವಿನ ಆರನೆಯ ಎಸಳು

ಎಸಳು ಆರು. ಮೊದಲ ಸಲ ಎಣಿಸಿದಾಗಲೂ ಆರು, ಕೆಳಗೆ ಬಿದ್ದು ಬಾಡಿದ ಇನ್ನೊಂದು ಹೂವನ್ನು ಬಿಡಿಸಿ ಎಣಿಸಿದಾಗಲೂ ಆರು. ಒಳಮೈ ಕೆಂಪು, ಹೊರಮೈ ಮಾಸಲು ಹಳದಿ. ನಡುವೆ ಕೇಸರಗಳ ಒಂದು ಬಳೆ. ಆ ಬಳೆಯ ಅಂಚಿನಿಂದ ಎದ್ದು ಮುಂದಕ್ಕೆ ಬಾಗಿದ ಹೆಡೆ. ಸಾಲದ ಹೂವಿಗೆ ಎಸಳು ಐದೇ. ಹೆಡೆ ಇರುವುದಿಲ್ಲ.

ಇದನ್ನು ಎಣಿಸಿದ್ದು ಕುಕ್ ಟೌನಿನ ಒಂದು ಓಣಿಯಲ್ಲಿ, ಫುಟ್‌ಪಾತಿನ ಕಲ್ಲಿನ ಮೇಲೆ ಕೂತು. ಬುದ್ಧ ಪೂರ್ಣಿಮೆ ಆಗಷ್ಟೇ ಮುಗಿದಿತ್ತು. ಬೆನ್ನ ಹಿಂದಿನ ಪುಟ್ಟ ವಿಹಾರದ ಗೋಡೆಯ ಮೇಲೆ ಬಣ್ಣದ ಕಾಗದದ ಬಾವುಟಗಳು ಇನ್ನೂ ಇದ್ದವು. ಮರ ಆ ವಿಹಾರದ ಕಾಂಪೌಂಡಿಗೆ ಒತ್ತಿಕೊಂಡು ನಿಂತಿತ್ತು. ಅರ್ಧ ನೆರಳು ಒಳಗೆ, ಅರ್ಧ ರಸ್ತೆಗೆ.

ನಾನು ಕೆಲಸ ಮಾಡುವುದು ಇಂದಿರಾನಗರದ ಒಂದು ಸಣ್ಣ ಸಂಸ್ಥೆಯಲ್ಲಿ. ಮರ ಕಡಿಯಬೇಕೆಂದು ಯಾರಾದರೂ ಅರ್ಜಿ ಕೊಟ್ಟರೆ, ಆ ಮರ ಯಾವುದು, ಗಟ್ಟಿಯಾಗಿದೆಯೇ, ಅಪಾಯವಿದೆಯೇ ಎಂದು ನೋಡಿ ಮರಗಳ ಅಧಿಕಾರಿಗೆ ವರದಿ ಕೊಡುವುದು ನಮ್ಮ ಕೆಲಸ. ಈ ಮರದ ಮೇಲೆ ಅರ್ಜಿ ಕೊಟ್ಟವರು ಪಕ್ಕದ ಬಂಗಲೆಯ ನಿವೃತ್ತ ಎಂಜಿನಿಯರ್. ತೆಂಗಿನಕಾಯಿಗಿಂತ ದೊಡ್ಡದಾದ ಒಂದು ಕಾಯಿ ಅವರ ಕಾರಿನ ಬಾನೆಟ್ ಮೇಲೆ ಬಿದ್ದು ತಗ್ಗು ಮಾಡಿತ್ತು. ಅಧಿಕಾರಿಗಳು ಮರಕ್ಕೆ ನೋಟಿಸ್ ಅಂಟಿಸಿ ಆಕ್ಷೇಪಣೆ ಕರೆದಾಗ ಬಂದದ್ದು ಒಂದೇ ಒಂದು, ವಿಹಾರದಿಂದ. ಅದರಲ್ಲಿ ಇದ್ದದ್ದು ಇಷ್ಟೇ: ಇದು ಸಾಲವೃಕ್ಷ. ಭಗವಾನ್ ಬುದ್ಧ ಹುಟ್ಟಿದ್ದೂ ಪರಿನಿರ್ವಾಣ ಹೊಂದಿದ್ದೂ ಈ ಮರದ ಕೆಳಗೆ. ಈ ಊರಿನಲ್ಲಿ ಅಪರೂಪ. ಕಡಿಯಕೂಡದು.

ಅಧಿಕಾರಿ ನಮ್ಮನ್ನು ಎರಡು ಪ್ರಶ್ನೆ ಕೇಳಿದ್ದರು. ಇದು ಸಾಲವೋ, ನಾಗಲಿಂಗವೋ? ಕಾಂಡ ಗಟ್ಟಿಯಿದೆಯೋ ಇಲ್ಲವೋ?

ಮೊದಲ ಪ್ರಶ್ನೆಗೆ ಉತ್ತರ ನನಗೆ ಓಣಿಗೆ ಕಾಲಿಡುವ ಮೊದಲೇ ಗೊತ್ತಿತ್ತು: ಅಂಥ ಕಾಯಿ ಬಿಡುವುದು ನಾಗಲಿಂಗ. ಕೆ.ಆರ್. ಪುರದ ಆಚೆ ನಮ್ಮ ಮನೆಯಲ್ಲೂ ಬುದ್ಧನ ಮುಂದೆ ಅಮ್ಮ ಇಡುವುದು ಇದೇ ಹೂವನ್ನು. ಶಾಲೆಯ ಅಂಗಳದ ಮರದಿಂದ ಆರಿಸಿ ತಂದು, ತಟ್ಟೆಯಲ್ಲಿಟ್ಟು, "ಸಾಲದ ಹೂ" ಎನ್ನುತ್ತಾಳೆ. ಬಿ.ಎಸ್ಸಿ.ಯಲ್ಲಿ ಒಣಗಿಸಿಟ್ಟ ಸಸ್ಯಗಳ ಹಾಳೆ ತಿರುವುವಾಗ ನಿಜವಾದ ಸಾಲ ಕಣ್ಣಿಗೆ ಬಿದ್ದಿತ್ತು. ಮನೆಯಲ್ಲಿ ಅದರ ಮಾತು ಬಂದಿರಲಿಲ್ಲ. ನಮ್ಮ ಮನೆಯ ಬುದ್ಧನ ಮಾತು ಆಫೀಸಿನಲ್ಲೂ ಬಂದಿರಲಿಲ್ಲ.

"ಸಾಲದ ಮರ ಅಂತ ಬರದಾರ ನೋಡವಾ," ಎಂದು ನಮ್ಮ ಸೀನಿಯರ್ ಆಕ್ಷೇಪಣೆಯ ಪ್ರತಿ ಓದಿ ನಕ್ಕರು. ಅವರು ಹುಬ್ಬಳ್ಳಿ ಕಡೆಯವರು. "ಸಾಲದ ಮರ ನಮ್ಮ ಮನ್ಯಾಗೂ ಒಂದೈತಿ. ಬ್ಯಾಂಕಿನವ್ರು ತಿಂಗಳಾ ಬಂದು ನೀರು ಹಾಕಿಸ್ತಾರ."

ನಾನೂ ನಕ್ಕೆ. ಆಮೇಲೆ ಇಡೀ ಮಧ್ಯಾಹ್ನ ಆ ನಗು ನನಗೆ ಸರಿ ಬರಲಿಲ್ಲ.

ಕಾಂಡದ ಪರೀಕ್ಷೆ ಸರಳ. ನೈಲಾನ್ ತಲೆಯ ಸುತ್ತಿಗೆಯಿಂದ ಸುತ್ತಲೂ, ಬುಡದಿಂದ ಎದೆಮಟ್ಟದವರೆಗೆ ತಟ್ಟುತ್ತಾ ಹೋಗಬೇಕು. ಗಟ್ಟಿ ಮರ ಚುರುಕಾದ ಸದ್ದು ಕೊಡುತ್ತದೆ. ಒಳಗೆ ಕೊಳೆತಿದ್ದರೆ ನೆನೆದ ತಮಟೆಯ ಹಾಗೆ ಮಂಕಾಗಿ ಕೇಳುತ್ತದೆ. ಮೊದಲ ದಿನ ವಿಹಾರದ ಗೇಟಿಗೆ ಬೀಗವಿತ್ತು. ರಸ್ತೆಯ ಕಡೆಯಿಂದ ಕೈ ಎಟುಕಿದಷ್ಟು ತಟ್ಟಿದೆ. ತಟ್ಟಿದಲ್ಲೆಲ್ಲ ಮಂಕು. ಬಂಗಲೆಯ ಎಂಜಿನಿಯರ್ ಗೇಟಿನಲ್ಲಿ ನಿಂತು ನೋಡುತ್ತಿದ್ದರು.

"ಟೊಳ್ಳಲ್ವಾ?" ಎಂದರು.

"ಇನ್ನೂ ಹೇಳೋಕಾಗಲ್ಲ ಸಾರ್."

"ಕಾರು ಹೋದ್ರೆ ಹೋಗ್ಲಿ ಬಿಡಮ್ಮ, ಇನ್ಶೂರೆನ್ಸ್ ಇದೆ. ನನ್ನ ಮೊಮ್ಮಗಳು ಇದೇ ರೋಡಲ್ಲಿ ಸೈಕಲ್ ಕಲೀತಾಳೆ. ಅವಳ ತಲೆಗೆ ಇನ್ಶೂರೆನ್ಸ್ ಮಾಡಿಸ್ಲಾ?"

ಅವರು ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಕೊಂಬೆಯಲ್ಲಲ್ಲ, ಕಾಂಡದ ಮೈಯಿಂದಲೇ ಹಗ್ಗದಂತೆ ಇಳಿಬಿದ್ದ ದಂಟುಗಳಲ್ಲಿ ಕಂದು ಬಣ್ಣದ ಗುಂಡುಗಳು ತೂಗುತ್ತಿದ್ದವು. ಕೆಲವು ನೇರ ರಸ್ತೆಯ ಮೇಲಿದ್ದವು. ಫಾರಂನಲ್ಲಿ "ಶಬ್ದ: ಮಂಕು, ಒಳಕೊಳೆತದ ಶಂಕೆ" ಎಂದು ಬರೆದು ಸಹಿ ಹಾಕಿದೆ.

ಮರುದಿನವೇ ಸೀನಿಯರ್ ಕರಡು ತಯಾರು ಮಾಡಿಟ್ಟಿದ್ದರು. "ಎರಡ ಸಾಲು ಸಾಕವಾ. ಇದು ಸಾಲ ಅಲ್ಲ, ನಾಗಲಿಂಗ, ಹೊರದೇಶದ್ದು. ಒಳಗ ಟೊಳ್ಳು ಐತಿ. ಮುಗೀತು."

"ಹೋಲಿಕೆಯ ಟಿಪ್ಪಣಿ ಕೇಳಿದ್ದಾರೆ ಸಾರ್. ಒಂದೊಂದೇ ಲಕ್ಷಣ ಇಟ್ಟು ತೋರಿಸ್ಬೇಕು."

"ತೋರಿಸು. ಆದ್ರ ವರದಿಯೊಳಗ ಕಥೀ ಬರೀಬ್ಯಾಡ."

ಹೋಲಿಸಲು ನನ್ನ ಬಳಿ ಒಂದೇ ಮರ ಇತ್ತು. ಸಾಲ ನಮ್ಮ ಕಡೆಯ ಕಾಡಿನದಲ್ಲ. ಪುಸ್ತಕದ ಚಿತ್ರ ಇಟ್ಟು ಹೋಲಿಸಲು ಮನಸ್ಸಾಗಲಿಲ್ಲ. ನನ್ನ ಜೊತೆ ಓದಿದವಳೊಬ್ಬಳು ಉತ್ತರದ ಸಾಲದ ಕಾಡುಗಳಲ್ಲಿ ಸಂಶೋಧನೆ ಮಾಡುತ್ತಾಳೆ. ಅವಳಿಗೆ ಫೋನ್ ಮಾಡಿದೆ. "ಹೂ ಮುಗಿದು ಕಾಯಿ ಬಿಟ್ಟಿದೆ ಕಣೇ. ಒತ್ತಿ ಒಣಗಿಸಿದ ಹೂ ಇದೆ, ಎರಡೂ ಕಳಿಸ್ತೀನಿ. ನೆಡೋಕೆ ಮಾತ್ರ ಹೋಗ್ಬೇಡ, ಬೀಜ ಒಂದು ವಾರ ಕೂಡ ಜೀವ ಹಿಡಿಯಲ್ಲ," ಎಂದಳು.

ಕೊರಿಯರ್ ಬಂದ ದಿನ ಮೇಜಿನ ಮೇಲೆ ಬಿಳಿ ಹಾಳೆ ಹಾಸಿ ಸಾಲವನ್ನೂ ನಾಗಲಿಂಗವನ್ನೂ ಅಕ್ಕಪಕ್ಕ ಇಟ್ಟೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ಸಾಲದ ಹೂ ಉಗುರಿನಷ್ಟು, ತಿಳಿಹಳದಿ. ಐದು ಎಸಳು ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ತಿರುಚಿಕೊಂಡಿವೆ. ಕೊಂಬೆಯ ತುದಿಯಲ್ಲಿ ಗೊಂಚಲು. ನಾಗಲಿಂಗದ ಹೂ ಅಂಗೈಯಗಲ, ಕಾಂಡದ ಮೇಲೆ. ಸಾಲದ ಕಾಯಿಗೆ ಐದು ರೆಕ್ಕೆ, ಮೂರು ಉದ್ದ, ಎರಡು ಗಿಡ್ಡ. ಗಾಳಿಯಲ್ಲಿ ಬಿಟ್ಟರೆ ಸುತ್ತುತ್ತಾ ಇಳಿಯುತ್ತದೆ. ನಾಗಲಿಂಗದ ಕಾಯಿ ಸುತ್ತುವುದಿಲ್ಲ, ಬೀಳುತ್ತದೆ. ಒಡೆದ ಕಾಯಿಯ ತಿರುಳು ಗಾಳಿಗೆ ನೀಲಿಯಾಗಿ ನಾರುತ್ತದೆ. ಸಾಲದ ತೊಗಟೆ ಗಾಯವಾದರೆ ಧೂಪಕ್ಕೆ ಬಳಸುವ ರಾಳ ಒಸರುತ್ತದೆ. ಇದರಲ್ಲಿ ಅಂಥದ್ದಿಲ್ಲ. ಎರಡರ ಕುಟುಂಬ ಬೇರೆ, ಹುಟ್ಟಿದ ಖಂಡವೇ ಬೇರೆ.

ಹಾಗಿದ್ದೂ ಈ ಹೆಸರು ಇದಕ್ಕೆ ಯಾಕೆ ಅಂಟಿತು? ಲಂಕೆಯ ವಿಹಾರಗಳಲ್ಲಿ ನಾಗಲಿಂಗವನ್ನೇ ಸಾಲ ಎಂದು ಕರೆದು ಬೆಳೆಸುತ್ತಾರೆ. ಹಲಸೂರಿನ ಶಿವನ ಗುಡಿಯ ಕಡೆಯವರಿಗೆ ಆ ಹೂವಿನಲ್ಲಿ ಲಿಂಗದ ಮೇಲೆ ಹೆಡೆಯೆತ್ತಿದ ನಾಗ ಕಂಡರೆ, ನಮ್ಮವರಿಗೆ ಮಳೆಯಲ್ಲಿ ಕೂತ ಬುದ್ಧನಿಗೆ ಹೆಡೆ ಹಿಡಿದ ನಾಗ ಕಾಣುತ್ತದೆ. ಇಷ್ಟನ್ನು ವರದಿಗೆ ಸೇರಿಸಲಿಲ್ಲ. ಅದು ಸೀನಿಯರ್ ಹೇಳಿದ "ಕಥೀ".

ಪೂರ್ಣಿಮೆಯ ಹಳೆಯ ಹೂಗಳನ್ನು ಗುಡಿಸುತ್ತಿದ್ದ ದಿನ ವಿಹಾರದ ಗೇಟು ತೆರೆದಿತ್ತು. ವಿಹಾರ ನೋಡಿಕೊಳ್ಳುವ ವಯಸ್ಸಾದ ಹೆಂಗಸನ್ನು ಓಣಿಯವರೆಲ್ಲ ದೊಡ್ಡಮ್ಮ ಎನ್ನುತ್ತಾರೆ. ಆಕ್ಷೇಪಣೆಯ ಕೆಳಗೆ ಇದ್ದದ್ದು ಅವರ ಸಹಿ.

"ಯಾರಮ್ಮ? ಕಾರ್ಪೊರೇಷನಾ?"

"ಮರ ನೋಡೋಕೆ ಬಂದಿದ್ದೀನಿ ದೊಡ್ಡಮ್ಮ. ಈ ಕಡೆಯಿಂದ ತಟ್ಟಿ ನೋಡ್ಬೇಕು."

"ತಟ್ಟು, ತಟ್ಟು. ಪರೀಕ್ಷೆ ಇಲ್ದೆ ಈ ಊರಲ್ಲಿ ಯಾರನ್ನೂ ಬಿಡಲ್ಲ."

ಒಳಗಡೆಯಿಂದ ನೋಡಿದ ಮೇಲೆ ನನ್ನ ತಪ್ಪು ತಿಳಿಯಿತು. ರಸ್ತೆಯ ಕಡೆ ಕಾಂಡದ ಮೇಲೆ ಹಳೆಯ ಹೂದಂಟುಗಳು ಒಣಗಿ, ಒಂದರ ಮೇಲೊಂದು ಹೆಣೆದು, ನಡುವೆ ಕಸಕಡ್ಡಿ ತುಂಬಿಕೊಂಡು ಚಾಪೆಯಂತಾಗಿದ್ದವು. ನಾನು ತಟ್ಟಿದ್ದು ಮರವನ್ನಲ್ಲ, ಆ ಚಾಪೆಯನ್ನು. ಒಳಗಡೆ ಕಾಂಡ ಬರಿದಾಗಿತ್ತು. ತಟ್ಟಿದೆ. ಚುರುಕಾದ ಸದ್ದು. ಇನ್ನೊಂದು ಕಡೆ, ಮತ್ತೊಂದು ಕಡೆ. ಎಲ್ಲ ಕಡೆಯೂ ಅದೇ. ಆಮೇಲೆ ರಸ್ತೆಗೆ ಬಂದು ಒಣದಂಟುಗಳನ್ನು ಕತ್ತರಿಸಿ, ಕಸ ಕೆದರಿ, ತೊಗಟೆ ಕಂಡಲ್ಲಿ ತಟ್ಟಿದೆ. ಅಲ್ಲೂ ಗಟ್ಟಿ.

ಆದರೆ "ಮಂಕು" ಎಂದು ಸಹಿ ಹಾಕಿದವಳು ನಾನೇ. ನಮ್ಮಲ್ಲಿ ದಾಖಲಾದ ಫಲಿತಾಂಶವನ್ನು ಬದಲಿಸಬೇಕಾದರೆ ಸೀನಿಯರ್ ಬಂದು ತಾವೇ ತಟ್ಟಬೇಕು. ಹೇಳಿದಾಗ ಅವರು ಫಾರಂ ಎಳೆದುಕೊಂಡು ನನ್ನ ಸಹಿ ನೋಡಿದರು.

"ಹೊಳ್ಳಿ ಬರಸ್ತೀಯಲ್ಲ ನನ್ನ ಕಡಿಂದ. ಖಾತ್ರಿ ಐತೇನು?"

"ಇದೆ ಸಾರ್."

"ಖಾತ್ರಿ ಇರಲಿಲ್ಲಂದ್ರ ಮೊದಲನೇ ದಿನ ಯಾಕ ಬರದಿ?"

ಮರುದಿನ ಬಿಸಿಲಲ್ಲಿ ಅವರು ಬಂದು, ಅಂಗಿಯ ತೋಳು ಮಡಚಿ, ಸುತ್ತಲೂ ತಟ್ಟಿದರು. ದೊಡ್ಡಮ್ಮ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿಕೊಂಡು ಕೂತಿದ್ದರು.

"ಏನ್ ಸಾರ್, ಮರಕ್ಕೆ ಜ್ವರಾನಾ?"

"ಇಲ್ರೀ ಅಮ್ಮ. ಆರೋಗ್ಯ ಭಾಳ ಚಲೋ ಐತಿ. ನಮಗಿಂತ ಚಲೋ ಐತಿ," ಎಂದು ಸೀನಿಯರ್ ಹಣೆ ಒರೆಸಿಕೊಂಡರು. ಫಾರಂನಲ್ಲಿ ನನ್ನ ಸಹಿಯ ಪಕ್ಕ ಅವರದ್ದೂ ಬಿತ್ತು.

"ನೋಡಿದ್ಯಾ?" ದೊಡ್ಡಮ್ಮ ನನ್ನ ಕಡೆ ತಿರುಗಿದರು. "ಸಾಲ ಅಂದ್ರೆ ಸಾಲ. ಸುಮ್ನೆ ಬಿದ್ದೋಗೋ ಮರ ಅಲ್ಲ ಇದು."

ಆ ಮಾತಿನ ಜೊತೆ ನನ್ನ ತಳಮಳ ಶುರುವಾಯಿತು. ಮರ ಗಟ್ಟಿಯಿದ್ದದ್ದು ಅವರ ಕಣ್ಣಲ್ಲಿ ಅದು ಸಾಲ ಎಂಬುದಕ್ಕೆ ಸಾಕ್ಷಿಯಾಗಿತ್ತು. ಅಧಿಕಾರಿಯ ಮುಂದೆ ವಿಚಾರಣೆಗೆ ಹೋದಾಗ ಎಲ್ಲರ ಎದುರು ನನ್ನ ವರದಿ ಓದುತ್ತಾರೆ: ಇದು ಸಾಲವಲ್ಲ. ಅವರ ಆಕ್ಷೇಪಣೆ ನಿಂತಿದ್ದು ಆ ಒಂದು ಪದದ ಮೇಲೆ. ಪದ ಬಿದ್ದರೆ ಆಕ್ಷೇಪಣೆ ಬೀಳುತ್ತದೆ. ಆಕ್ಷೇಪಣೆಯೇ ಇಲ್ಲದ ಮರವನ್ನು, ಅದೂ ಬಾನೆಟ್ ಜಜ್ಜಿದ ಮರವನ್ನು, ಗಟ್ಟಿಯಿದ್ದರೂ ಯಾರು ಉಳಿಸುತ್ತಾರೆ?

ವರದಿಯಲ್ಲಿ "ಸ್ಥಳೀಯ ಹೆಸರು" ಎಂಬ ಒಂದು ಅಂಕಣವಿದೆ. ಅಲ್ಲಿ "ಸಾಲ" ಎಂದಷ್ಟೇ ಬರೆದರೆ ಸುಳ್ಳಲ್ಲ. ಆ ಓಣಿಯಲ್ಲಿ ಅದರ ಹೆಸರು ಅದೇ. ವೈಜ್ಞಾನಿಕ ಹೆಸರನ್ನು ಯಾರೂ ಓದುವುದಿಲ್ಲ. ವಿಚಾರಣೆಯಲ್ಲಿ ಗುಮಾಸ್ತ "ಸ್ಥಳೀಯ ಹೆಸರು: ಸಾಲ" ಎಂದು ಓದಿದರೆ ಗೆದ್ದ ಹಾಗೆಯೇ. ಆ ಅಂಕಣದಲ್ಲಿ ಕರ್ಸರ್ ಇಟ್ಟುಕೊಂಡು ತುಂಬಾ ಹೊತ್ತು ಕೂತಿದ್ದೆ. ಎದ್ದು ನೀರು ಕುಡಿದೆ. ಮತ್ತೆ ಕೂತೆ. ಹೋಲಿಸಿ ಬರಿ ಎಂದವರಿಗೆ ಹೋಲಿಸಿ ಬರೆದು, ಕೊನೆಯಲ್ಲಿ ಅವರು ತಪ್ಪು ಓದಲಿ ಎಂದು ಕಾಯುವುದು ನನ್ನಿಂದ ಆಗಲಿಲ್ಲ. "ನಾಗಲಿಂಗ, ವಿಹಾರದವರು ಸಾಲ ಎನ್ನುತ್ತಾರೆ" ಎಂದು ಬರೆದು, ಕೆಳಗೆ "ಇದು ಸಾಲವೃಕ್ಷವಲ್ಲ" ಎಂದು ಸೇರಿಸಿದೆ. ಎರಡನೇ ಪುಟದಲ್ಲಿ ಕಾಂಡ ಗಟ್ಟಿಯಿದೆ, ಬುಡ ವಾಲಿಲ್ಲ, ಅಪಾಯ ಕಾಯಿಯದ್ದು ಮಾತ್ರ, ಕಾಯಿ ಬಲಿಯಲು ವರ್ಷದ ಮೇಲೆ ಬೇಕಾದ್ದರಿಂದ ರಸ್ತೆಯ ಕಡೆಯ ಎಳೆಗಾಯಿಗಳನ್ನು ಆಗಾಗ ತೆಗೆಸಿದರೆ ಸಾಕು ಎಂದು ಬರೆದೆ.

ವರದಿ ಸಲ್ಲಿಸುವ ಮೊದಲು ಯಾವ ಕಡೆಯವರಿಗೂ ನಾವು ಏನೂ ಹೇಳುವಂತಿಲ್ಲ. ಆದರೆ ವರದಿ ಸಲ್ಲಿಕೆಯಾದ ಮೇಲೆ ಅದು ಯಾರು ಕೇಳಿದರೂ ಸಿಗುವ ಕಾಗದ. ನಾವು ಸಾಮಾನ್ಯವಾಗಿ ವಿಚಾರಣೆಯ ಬೆಳಿಗ್ಗೆಯೇ ಸಲ್ಲಿಸುತ್ತೇವೆ. ಈ ಸಲ ಮೊದಲೇ ಸಲ್ಲಿಸಲು ಸೀನಿಯರ್ ಅವರ ಅನುಮತಿ ಕೇಳಿದೆ.

"ಯಾಕವಾ ಅವಸರ?"

"ದೊಡ್ಡಮ್ಮ ವಿಚಾರಣೇಲಿ ಕೇಳೋ ಬದಲು ಮೊದಲೇ ಓದ್ಲಿ ಅಂತ."

ಅವರು ನನ್ನನ್ನು ನೋಡಿದರು. "ಕಳಸು," ಎಂದರು.

ಶನಿವಾರ ವರದಿಯ ಪ್ರತಿ, ಭೂತಗನ್ನಡಿ, ಮತ್ತು ಸಾಲದ ಹೂ-ಕಾಯಿ ಇದ್ದ ಡಬ್ಬಿ ಹಿಡಿದು ವಿಹಾರಕ್ಕೆ ಹೋದೆ. ಒಳಗೆ ಬಿಳಿ ಸಿಮೆಂಟಿನ ಬುದ್ಧ, ಮುಂದೆ ತಟ್ಟೆಯಲ್ಲಿ ಅಂದಿನ ಹೂಗಳು. ದೊಡ್ಡಮ್ಮ ವರದಿಯನ್ನು ನಿಧಾನವಾಗಿ, ತುಟಿಯಾಡಿಸುತ್ತಾ ಓದಿದರು. "ಇದು ಸಾಲವೃಕ್ಷವಲ್ಲ" ಎಂಬಲ್ಲಿ ಬೆರಳು ನಿಂತಿತು.

"ಯಾರ್ ಹೇಳಿದ್ದು?"

"ನಾನು. ನೋಡಿ ದೊಡ್ಡಮ್ಮ, ಸಾಲದ ಹೂ ಇದು. ಎಸಳು..."

"ಎಸಳು ಎಣಿಸಿ ಯಾರಮ್ಮ ಹೂ ಇಡ್ತಾರೆ?" ಡಬ್ಬಿಯನ್ನು ಅವರು ನೋಡಲಿಲ್ಲ. "ಲಂಕೆಯಿಂದ ಬಂದ ಭಿಕ್ಷು, ಭಂತೇಜಿ, ಸಸಿ ಕೊಟ್ಟಿದ್ದು. ಸಾಲ ಅಂತ ಹೇಳೇ ಕೊಟ್ಟಿದ್ದು. ನಮ್ಮತ್ತೆ ರೈಲ್ವೆ ಗೇಟಿನ ಆಚೆಯಿಂದ ಬಿಂದಿಗೆ ಹೊತ್ತು ಬೆಳೆಸಿದ್ದು. ನೀನು ನಿನ್ನೆ ಮೊನ್ನೆ ಬಂದು ಅಲ್ಲ ಅಂತೀಯಾ? ಆ ಬಂಗ್ಲೆಯವ್ರು ಹೇಳ್ಕೊಟ್ರಾ?"

"ಅವರಿಗೆ ಬೇಕಾದ್ದು ಎರಡನೇ ಪುಟದಲ್ಲಿ ಇಲ್ಲ. ಓದಿ. ನಿಮ್ಮ ಆಕ್ಷೇಪಣೆಯಲ್ಲಿ ಮರ ಯಾವುದು ಅಂತ ಮಾತ್ರ ಇದೆ. ಮರ ಹೇಗಿದೆ ಅಂತ ಇಲ್ಲ. ವಿಚಾರಣೇಲಿ ಅದನ್ನ ಹೇಳಿ."

ಅವರು ಎರಡನೇ ಪುಟ ತಿರುಗಿಸಲಿಲ್ಲ. ನನ್ನ ಮುಖ ನೋಡಿದರು. ಒಳಗೆ ಬರುವಾಗ ನಾನು ಬುದ್ಧನಿಗೆ ವಂದಿಸಿದ್ದನ್ನು ಗಮನಿಸಿದ್ದರೆಂದು ಕಾಣುತ್ತದೆ.

"ಯಾವೂರು ನಿಂದು?"

ಹೇಳಿದೆ.

"ನಮ್ಮವ್ಳೇ. ನಿಮ್ಮಮ್ಮ ಯಾವ ಹೂ ಇಡ್ತಾಳೆ?"

"ಇದೇ."

"ಏನಂತ ಇಡ್ತಾಳೆ?"

"ಸಾಲ ಅಂತ."

"ಅವಳಿಗೆ ಹೇಳಿದ್ದೀಯಾ, ಅಲ್ಲ ಅಂತ?"

ನಾನು ಡಬ್ಬಿಯ ಮುಚ್ಚಳ ಹಾಕಿದೆ. ಹೊರಗೆ ಹೂಗಳ ಸುತ್ತ ಕಪ್ಪು ದುಂಬಿಗಳು ಗುಂಯ್ಗುಡುತ್ತಿದ್ದವು.

"ನಿಮ್ಮಮ್ಮನಿಗೆ ಒಂದು, ನಮಗೆ ಒಂದಾ? ಚೆನ್ನಾಗಿದೆ ಕಣಮ್ಮ. ಮೊದಲು ಅಲ್ಲಿ ಹೇಳ್ಬಿಟ್ಟು ಬಾ, ಹೋಗು."

ವರದಿಯನ್ನು ಮಾತ್ರ ಅವರು ಹಿಂದಿರುಗಿಸಲಿಲ್ಲ.

ವಿಚಾರಣೆ ವಲಯ ಕಚೇರಿಯ ಒಂದು ಕಿರಿದಾದ ಕೋಣೆಯಲ್ಲಿ. ದೊಡ್ಡಮ್ಮ ಇಸ್ತ್ರಿ ಮಾಡಿದ ಬಿಳಿ ಸೀರೆಯಲ್ಲಿ ಮೊದಲೇ ಬಂದು ಕೂತಿದ್ದರು. ನನ್ನ ಕಡೆ ನೋಡಲಿಲ್ಲ. ಬಂಗಲೆಯ ಎಂಜಿನಿಯರ್ ಕಾರಿನ ಫೋಟೊಗಳನ್ನು ಮೇಜಿನ ಮೇಲೆ ಹರಡಿದರು. ಗುಮಾಸ್ತ ಆಕ್ಷೇಪಣೆ ಓದತೊಡಗಿ, "ಸಾಲದ ಮರ" ಎಂಬಲ್ಲಿ ನಿಂತು, "ಯಾರ ಸಾಲ ಸಾರ್?" ಎಂದ. ಒಂದಿಬ್ಬರು ನಕ್ಕರು.

ಅಧಿಕಾರಿ ನನ್ನ ವರದಿ ತೆರೆದರು. "ಅಮ್ಮ, ನೀವು ಸಾಲ ಅಂತ ಬರೆದಿದ್ದೀರಿ. ತಜ್ಞರು ಅಲ್ಲ ಅಂತಾರೆ. ನಿಮ್ಮ ಆಕ್ಷೇಪಣೆಗೆ ಆಧಾರ ಇಲ್ವಲ್ಲ?"

ದೊಡ್ಡಮ್ಮ ಎದ್ದು ನಿಂತರು.

"ಅಲ್ವಂತೆ ಸಾರ್. ಈ ಹುಡುಗಿ ವಿಹಾರಕ್ಕೇ ಬಂದು ಹೇಳಿದ್ಳು. ಹೆಸರು ತಪ್ಪು ಅಂತೆ. ಆಯ್ತು. ನನ್ನ ರೇಷನ್ ಕಾರ್ಡಲ್ಲೂ ನನ್ನ ಹೆಸರು ತಪ್ಪೇ ಇದೆ, ಎಷ್ಟು ಸಲ ಅರ್ಜಿ ಕೊಟ್ರೂ ಸರಿ ಮಾಡಿಲ್ಲ. ಹಂಗಂತ ನನ್ನನ್ನೂ ಕಡಿದ್ಬಿಡ್ತೀರಾ?"

ಈ ಸಲ ಎಲ್ಲರೂ ನಕ್ಕರು. ಎಂಜಿನಿಯರ್ ಕೂಡ ತುಟಿ ಕಚ್ಚಿಕೊಂಡರು. ನಗು ನಿಲ್ಲುವ ಮೊದಲೇ ದೊಡ್ಡಮ್ಮ ವರದಿಯ ಎರಡನೇ ಪುಟ ತೆಗೆದು, ಅಡಿಗೆರೆ ಹಾಕಿದ್ದ ಸಾಲುಗಳನ್ನು ಓದಿದರು. ಕಾಂಡ ಗಟ್ಟಿಯಿದೆ. ಬುಡ ವಾಲಿಲ್ಲ. ಎಳೆಗಾಯಿ ತೆಗೆಸಿದರೆ ಸಾಕು. "ಕಾಯಿ ನಾವು ತೆಗೆಸ್ತೀವಿ. ಆ ಮಗು ನಮ್ಮ ಮುಂದೇನೇ ಸೈಕಲ್ ಕಲೀತಿರೋದು, ನಮಗೂ ಭಯ ಇದೆ."

ಅಧಿಕಾರಿ ನನ್ನ ಪಕ್ಕದಲ್ಲಿ ಕೂತಿದ್ದ ಸೀನಿಯರ್ ಅವರನ್ನು ಮೊದಲ ಫಲಿತಾಂಶ ಬದಲಾದದ್ದು ಯಾಕೆ ಎಂದು ಕೇಳಿದರು. ನಾನು ಎದ್ದು, ಒಣದಂಟಿನ ಮೇಲೆ ತಟ್ಟಿದ್ದು ನಾನು ಎಂದೆ. ಅಧಿಕಾರಿ ಬರೆದುಕೊಂಡರು. ಕೊನೆಗೆ ಮರ ಕಡಿಯುವ ಅರ್ಜಿಯನ್ನು ತಡೆಹಿಡಿದು, ರಸ್ತೆಯ ಕಡೆಯ ಕಾಯಿಗಳನ್ನು ವಿಹಾರದವರೇ ತೆಗೆಸತಕ್ಕದ್ದು, ಮಳೆಗಾಲ ಮುಗಿದ ಮೇಲೆ ಮತ್ತೆ ಪರಿಶೀಲನೆ ಎಂದು ಆದೇಶ ಮಾಡಿದರು.

"ಒಂದು ಬಿದ್ರೂ ಮತ್ತೆ ಬರ್ತೀನಿ," ಎಂದು ಎಂಜಿನಿಯರ್ ಫೋಟೊಗಳನ್ನು ಎತ್ತಿಕೊಂಡರು.

"ಬನ್ನಿ, ಟೀ ಕುಡಿಯೋಣ," ಎಂದರು ದೊಡ್ಡಮ್ಮ.

ಮೆಟ್ಟಿಲಿಳಿಯುವಾಗ ಅವರು ನನ್ನನ್ನು ಹಿಂದಿಕ್ಕಿ ಹೋದರು. ಕೃತಜ್ಞತೆಯ ಮಾತು ನಾನು ನಿರೀಕ್ಷಿಸಿರಲಿಲ್ಲ, ಅವರೂ ಹೇಳಲಿಲ್ಲ. ಕೆಳಗೆ ಹೋಗಿ ನಿಂತು, ತಿರುಗಿ ಒಂದೇ ಮಾತು ಕೇಳಿದರು. "ಹೇಳಿದ್ಯಾ?"

"ಇಲ್ಲ."

ಅವರು ಹೋಗು ಎನ್ನುವಂತೆ ಗದ್ದ ಎತ್ತಿ, ಆಟೊ ಹತ್ತಿ ಹೋದರು.

ಮರುದಿನ ಬೆಳಿಗ್ಗೆ ಆಫೀಸಿಗೆ ತಡವಾಗಿ ಬರುತ್ತೇನೆಂದು ಮೆಸೇಜ್ ಹಾಕಿ, ನಾನಿರುವ ಪಿ.ಜಿ.ಯಿಂದ ಕುಕ್ ಟೌನಿಗೆ ನಡೆದು, ಫುಟ್‌ಪಾತಿನ ಮೇಲೆ ಬಿದ್ದಿದ್ದರಲ್ಲಿ ಬಾಡದ ಒಂದು ಹೂವನ್ನು ಆರಿಸಿ ಕರ್ಚೀಫಿನಲ್ಲಿಟ್ಟೆ. ಹಲಸೂರಿನಲ್ಲಿ ಮೆಟ್ರೊ ಹತ್ತಿ ಕೆ.ಆರ್. ಪುರದಲ್ಲಿ ಇಳಿದು ಮನೆ ಸೇರಿದೆ. ಅಮ್ಮ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು.

"ಇದೇನೇ, ವಾರದ ಮಧ್ಯೆ? ಹುಷಾರಿಲ್ವಾ?" ಎಂದವಳು ಕರ್ಚೀಫ್ ಬಿಚ್ಚಿ ನೋಡಿ, "ಅಯ್ಯೋ, ಸಾಲದ ಹೂ! ಎಷ್ಟು ದೊಡ್ಡದಿದೆ," ಎಂದು ಅದನ್ನು ಬುದ್ಧನ ಮುಂದಿಡಲು ಹೊರಟಳು.

"ಇಡೋಕೆ ಮುಂಚೆ ಇಲ್ಲಿ ಬಾ ಅಮ್ಮ," ಎಂದು ಗ್ಯಾಸ್ ಆರಿಸಿದೆ. ಡಬ್ಬಿ ತೆರೆದು ಸಾಲದ ಒಣ ಹೂವನ್ನೂ ರೆಕ್ಕೆಯ ಕಾಯಿಯನ್ನೂ ಅದರ ಪಕ್ಕದಲ್ಲಿಟ್ಟು, ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟೆ. "ಮೊದಲು ನಿನ್ನ ಹೂವಿನ ಎಸಳು ಎಣಿಸು."

ಅಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಒಂದೊಂದನ್ನೂ ಬೆರಳಿನಿಂದ ಮುಟ್ಟಿ, ಮಗುವಿನ ಹಾಗೆ ಜೋರಾಗಿ ಎಣಿಸಿದಳು.

"ಆರು," ಎಂದಳು. ನನ್ನ ಮುಖ ನೋಡಿದಳು. "ಯಾಕೆ, ಐದಿರಬೇಕಿತ್ತಾ?"

ಹೌದು ಎಂದೆ. ಸ್ಟೂಲು ಎಳೆದು ಅವಳ ಪಕ್ಕದಲ್ಲಿ ಕೂತು, ಹೇಳತೊಡಗಿದೆ.